ಮಾಲೆಯ ಬಾವಿಗಳು

ಚರಿತ್ರೆಯೆಂದರೆ ಕೋಟೆ ಕದನಗಳ ಕಥೆಯೆಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಒಂದು ದೇಶದ ಚರಿತ್ರೆಯನ್ನು ಅದರ ಬಚ್ಚಲಿನಿಂದಲೂ ಓದಬಹುದು. ಮೂಗು ಮುರಿಯಬೇಡಿ, ನಮ್ಮ ನೆರೆಯ ಮಾಲ್ಡೀವ್ಸ್ ದ್ವೀಪಗಳಿಗೆ ಒಮ್ಮೆ ಹೋಗಿ ಬರೋಣ.

1343ರಲ್ಲಿ ಅಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತಾ ಅಲ್ಲೇ ಖಾಜಿಯಾಗಿ ಕೆಲಸ ಮಾಡಿದ. ಅಲ್ಲಿನ ಜನ ಬಹಳ ಶುಚಿ, ಮನೆಬಾಗಿಲಲ್ಲಿ ಕಾಲು ತೊಳೆಯಲು ನೀರಿಟ್ಟಿರುತ್ತಾರೆ ಎಂದು ಬರೆದಿಟ್ಟ. ಅಂದಮೇಲೆ ಮುಂದೆ ಬಂದ ಕಷ್ಟಕ್ಕೆ ಜನರ ಕೊಳಕುತನ ಕಾರಣವೆನ್ನುವಂತಿಲ್ಲ. ಕಾರಣ ನೆಲದಲ್ಲಿತ್ತು.

ಈ ದ್ವೀಪಗಳಲ್ಲಿ ನದಿಯಿಲ್ಲ. ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಹಗುರವಾದ್ದರಿಂದ ಅಡಿಯ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಕೆಲವೇ ಅಡಿ ತೋಡಿದರೆ ಸಿಹಿನೀರು. ಮನೆಯ ಹಿಂದೆ 'ಗಿಫಿಲಿ' ಎಂಬ, ಗೋಡೆಯುಂಟು ಸೂರಿಲ್ಲದ ಬಚ್ಚಲು. ಅಲ್ಲಿಯೇ ಬಾವಿ, ಸ್ನಾನ, ಶೌಚ. ಮನೆಗಳು ವಿರಳವಾಗಿದ್ದಾಗ ಮರಳು ಎಲ್ಲವನ್ನೂ ಸೋಸಿಕೊಂಡಿತು. ರಾಜಧಾನಿ ಮಾಲೆ ಸುಮಾರು 2 ಚದರ ಕಿಲೋಮೀಟರಿನ ದ್ವೀಪ. ಅಲ್ಲಿ ಜನ ಒತ್ತೊತ್ತಾಗಿ ನೆಲೆಸಿದಾಗ ಒಬ್ಬರ ಶೌಚಗುಂಡಿಯ ನೀರು ಇನ್ನೊಬ್ಬರ ಬಾವಿಗೆ ಇಳಿಯಿತು. 1978ರಲ್ಲಿ ಕಾಲರಾ ಹಬ್ಬಿ 200ಕ್ಕೂ ಹೆಚ್ಚು ಜನ ಸತ್ತರು. ಇಡೀ ದೇಶದಲ್ಲಿ ಆಗ ಒಂದೂವರೆ ಲಕ್ಷದಷ್ಟು ಜನರಿದ್ದರು ಎಂಬುದನ್ನು ನೆನಪಿಡಿ.

1980ರ ದಶಕದಲ್ಲಿ ಮಾಲೆಗೆ ಒಳಚರಂಡಿ ಬಂತು. ಕೊಳಚೆಯನ್ನು ಶುದ್ಧೀಕರಿಸದೆಯೇ ಪಂಪುಗಳ ಮೂಲಕ ಸಮುದ್ರಕ್ಕೆ ಬಿಟ್ಟರು. ರೋಗಭಯ ತಗ್ಗಿತು, ನಿಜ. ಆದರೆ ನೋಡಿ, ಮೊದಲು ಬಳಸಿದ ನೀರು, ಹೊಲಸಾಗಿಯೇ ಇರಲಿ, ಮರಳಿ ನೆಲಕ್ಕೇ ಇಂಗುತ್ತಿತ್ತು. ಈಗ ಬಾವಿಯಿಂದ ಎತ್ತಿ ಶೌಚಾಲಯಕ್ಕೆ ಸುರಿದದ್ದೆಲ್ಲ ಕಡಲ ಪಾಲು. ಸಿಹಿನೀರಿನ ಪದರ ಸವೆಯಿತು, ಬಾವಿಗಳು ಉಪ್ಪಾದವು. ಕುಡಿಯಲು ಸಮುದ್ರದ ನೀರಿನ ಉಪ್ಪು ತೆಗೆಯುವ ಯಂತ್ರವನ್ನೇ ನಂಬಬೇಕಾಯಿತು. ಎಂಜಿನಿಯರರನ್ನು ದೂರುವುದು ಸುಲಭ. ಕಾಲರಾ ಕಂಡ ಊರಿನವರಿಗೆ ಕಾಯುವ ವ್ಯವಧಾನ ಇರಲಿಲ್ಲ.

ಹೊರದ್ವೀಪಗಳ ಸರದಿ ತಡವಾಗಿ ಬಂತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಲ್ಲಿನ ಶೌಚಗುಂಡಿಗಳು ಒಡೆದು, ಕೊಳಚೆಯೂ ಕಡಲ ನೀರೂ ಕೂಡಿ ಬಾವಿಗಳಿಗೆ ನುಗ್ಗಿದವು.

ಇನ್ನು ಮಾಲೆ. 2014ರ ಡಿಸೆಂಬರ್ 4ರಂದು ಆ ಯಂತ್ರಾಗಾರಕ್ಕೆ ಬೆಂಕಿ ಬಿತ್ತು. ಲಕ್ಷಕ್ಕೂ ಮಿಕ್ಕ ಜನರ ನಲ್ಲಿಗಳು ಒಣಗಿದವು. ಭಾರತದಿಂದ ವಿಮಾನಗಳೂ ನೌಕಾಪಡೆಯ ಹಡಗುಗಳೂ ನೀರು ಹೊತ್ತು ಹೋದವು. ಬೀದಿಯಲ್ಲಿ ಬಾಟಲಿಗಾಗಿ ಸಾಲು ನಿಂತವರ ಕಾಲಡಿಯಲ್ಲಿಯೇ ಅವರ ಅಜ್ಜಂದಿರು ಸೇದಿ ಕುಡಿದ ಬಾವಿಗಳ ನೆಲವಿತ್ತು.