ಹೋರಿ, ಎತ್ತು ಮತ್ತು ಮನುಷ್ಯ

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳವನ್ನು ದಾಟಿ ಹೋಗುವವರ ಕಣ್ಣಿಗೆ ಇಂದು ಬೀಳುವುದು ಮೇಲುಸೇತುವೆಯೊಂದೇ. ಆದರೆ ಅದರ ಸಮೀಪದ ನೆಲಕ್ಕೆ ನೂರಿಪ್ಪತ್ತೈದು ವರ್ಷಗಳನ್ನು ಮೀರಿದ ಚರಿತ್ರೆಯಿದೆ. ಮೈಸೂರು ಸಂಸ್ಥಾನದ ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು 1899ರಲ್ಲಿ ಇಲ್ಲಿ 30 ಎಕರೆ ಭೂಮಿಯನ್ನು ವ್ಯವಸಾಯದ ಪ್ರಯೋಗಕ್ಕೆಂದು ದಯಪಾಲಿಸಿದರು. ಡಾಕ್ಟರ್ ಲೇಮನ್ನರು ಅಲ್ಲಿ ಸಣ್ಣದೊಂದು ಪ್ರಯೋಗಶಾಲೆಯನ್ನು ತೆರೆದರು. ಆ ಬೀಜವೇ ಮುಂದೆ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ನಡುವೆ 1958ರಲ್ಲಿ ಪಶುವೈದ್ಯ ಕಾಲೇಜೂ ಹೆಬ್ಬಾಳಕ್ಕೆ ಬಂದಿತು. ಹೋರಿಯನ್ನು ಎತ್ತು ಮಾಡುವ ಕಸಿಯ ವಿದ್ಯೆಯನ್ನು ಹುಡುಗರು ಅಲ್ಲಿ ಪುಸ್ತಕದಿಂದಲೂ ಕೈಯಿಂದಲೂ ಕಲಿಯುತ್ತಾರೆ. ಯಲಹಂಕ ನಾಡಿನ ರೈತನಿಗಾದರೋ ಅದು ತಾತನ ಕಾಲದಿಂದ ಬಂದ ತಿಳಿವಳಿಕೆ.

ಈ ದನದ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣವಿದೆ. ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ವಾಯುಸೇವನೆಗೆ ಹೊರಡುವ ಅರುವತ್ತು ಎಪ್ಪತ್ತು ದಾಟಿದ ಗಂಡಸರಲ್ಲಿ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದವರು, ಜನರ ಮಾತಿನಲ್ಲಿ ಹೇಳುವುದಾದರೆ ‘ಕರೆಂಟು ಕೊಡಿಸಿಕೊಂಡವರು’, ಇದ್ದೇ ಇರುತ್ತಾರೆ. ಅವರಲ್ಲಿ ಬಹುಮಂದಿಗೆ ಅದರ ಜೊತೆಗೇ ಪುರುಷ ಹಾರ್ಮೋನನ್ನು ಅಡಗಿಸುವ ಸೂಜಿಮದ್ದನ್ನೂ ಕೊಟ್ಟಿರುತ್ತಾರೆ. ರೋಗ ಹಿಂದೆಗೆಯುತ್ತದೆ, ಆದರೆ ತೋಳು ಸೊರಗುತ್ತದೆ, ಹೊಟ್ಟೆ ಬೆಳೆಯುತ್ತದೆ, ಮಹಡಿಯ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ನಡುರಾತ್ರಿಯಲ್ಲಿ ಮೈ ಬೆವರುತ್ತದೆ. ಇದನ್ನು ಹೆಂಡತಿಯ ಮುಂದೆಯೂ ಬಾಯಿಬಿಟ್ಟು ಹೇಳದವರುಂಟು. ವೃದ್ಧಾಪ್ಯವೆಂದು ಕೆಲವರು ಸುಮ್ಮನಾಗುತ್ತಾರೆ. ಗಂಡಸುತನವೇ ಹೋಯಿತೆಂದು ಕೆಲವರು ಒಳಗೊಳಗೇ ಕುಗ್ಗುತ್ತಾರೆ. ಈ ಅವಸ್ಥೆಯ ಚರಿತ್ರೆ ನಾವು ತಿಳಿದಿರುವುದಕ್ಕಿಂತ ಹಳೆಯದು, ನಮ್ಮ ನಾಡಿಗೆ ಹತ್ತಿರವಾದುದು.

ಮೊದಲು ಎತ್ತಿನ ಮಾತು. ಚಿಕ್ಕದೇವರಾಜ ಒಡೆಯರು (1673–1704) ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಏರ್ಪಡಿಸಿದ್ದರು. ಟಿಪ್ಪು ಸುಲ್ತಾನನು ಅದನ್ನೇ ‘ಅಮೃತ ಮಹಲ್’ ಎಂದು ಕರೆದನು. ಹೆಸರು ಹಾಲು ಬೆಣ್ಣೆಯದಾದರೂ ಅದರ ನಿಜವಾದ ಕೀರ್ತಿ ಯುದ್ಧದ ಎತ್ತುಗಳದು. ಹೈದರಾಲಿಯು ಚಿದಂಬರಕ್ಕೆ ಒತ್ತಾಸೆಯಾಗಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು, ಸೋತಾಗಲೂ ಶತ್ರುವಿನ ಕಣ್ಣೆದುರಿನಲ್ಲೇ ಫಿರಂಗಿಗಳನ್ನು ಎಳೆಸಿಕೊಂಡು ಪಾರಾದದ್ದು ಈ ಎತ್ತುಗಳ ಬಲದಿಂದ ಎಂದು ಇಂಗ್ಲಿಷರ ಬರಹಗಳೇ ಒಪ್ಪಿಕೊಳ್ಳುತ್ತವೆ. ಶ್ರೀರಂಗಪಟ್ಟಣ ಬಿದ್ದಮೇಲೆ ಕಂಪೆನಿಯವರು ಆ ಹಿಂಡನ್ನು ಬಿಡದೆ ತಮ್ಮದಾಗಿಸಿಕೊಂಡರು. 1860ರಲ್ಲಿ ಖರ್ಚು ಉಳಿಸುವ ಹುಮ್ಮಸ್ಸಿನಲ್ಲಿ ಸರ್ಕಾರದವರು ಹಿಂಡನ್ನು ಚದುರಿಸಿ ಮಾರಿದರು. ಕೆಲವೇ ವರ್ಷಗಳಲ್ಲಿ ಫಿರಂಗಿ ಎಳೆಯುವ ದನ ಸಿಕ್ಕದೆ ಮರಳಿ ಕಟ್ಟಬೇಕಾಯಿತು. ಕಚೇರಿಗಳ ಉಳಿತಾಯ ಆಗಲೂ ಹೀಗೆಯೇ ಇದ್ದಿತು!

ಇಲ್ಲಿ ವಾಚಕರು ಗಮನಿಸತಕ್ಕದ್ದೊಂದುಂಟು. ಹೈದರನ ಫಿರಂಗಿ ಎಳೆದವು ಹೋರಿಗಳಲ್ಲ. ಬೀಜ ಒಡೆಸಿಕೊಂಡ ಎತ್ತುಗಳು. ಇಂದಿನ ವೈದ್ಯರ ಭಾಷೆಯಲ್ಲಿ ಅವುಗಳ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಇಲ್ಲವೆಂಬಷ್ಟು ಕಡಿಮೆ. ಆದರೂ ಅವು ನಡೆದವು, ಎಳೆದವು. ನಮ್ಮ ರೈತರು ಇದರಲ್ಲಿ ಎರಡು ಸೂಕ್ಷ್ಮಗಳನ್ನು ಬಲ್ಲರು. ಎಳಗರುವಿಗೇ ಕಸಿ ಮಾಡಿದರೆ ಕಾಲು ಉದ್ದವಾಗಿ ಬೆಳೆಯುತ್ತದೆ, ಆದರೆ ಕತ್ತು ತುಂಬುವುದಿಲ್ಲ, ಹಿಣಿಲು ಏಳುವುದಿಲ್ಲ. ಆದುದರಿಂದ ಮೈಗೂಡುವವರೆಗೆ ಕಾಯುತ್ತಾರೆ. ಎರಡನೆಯದು, ಕಸಿ ಮಾಡಿದ ಎತ್ತನ್ನು ಕೊಟ್ಟಿಗೆಯಲ್ಲೇ ಕಟ್ಟಿಹಾಕಿ ಮೇಯಿಸಿದರೆ ಅದು ಕೊಬ್ಬುತ್ತದೆ. ನೊಗಕ್ಕೆ ಹೂಡಿದರೆ ಮಾತ್ರ ಮಾಂಸ ಗಟ್ಟಿಯಾಗುತ್ತದೆ. ಈ ಎರಡನೆಯ ಸೂಕ್ಷ್ಮವನ್ನು ಮನುಷ್ಯರ ವಿಷಯದಲ್ಲಿ ಪ್ರಯೋಗದಿಂದ ತೋರಿಸಲು ವೈದ್ಯಶಾಸ್ತ್ರಕ್ಕೆ ಇಪ್ಪತ್ತೊಂದನೆಯ ಶತಮಾನವೇ ಬರಬೇಕಾಯಿತು.

ಮನುಷ್ಯರಲ್ಲಿ ಉದಾಹರಣೆ ಬೇಕಾದರೆ ಹಳೇಬೀಡಿಗೆ ಹೋಗೋಣ. 1311ರಲ್ಲಿ ದೋರಸಮುದ್ರದ ಮೇಲೆ ಬಿದ್ದು ಮೂರನೆಯ ಬಲ್ಲಾಳನನ್ನು ಮಣಿಸಿದ ದಿಲ್ಲಿಯ ದಂಡನಾಯಕ ಮಲಿಕ್ ಕಾಫೂರ್ ಷಂಡನೆಂದು ಇತಿಹಾಸಕಾರರು ಬರೆದಿದ್ದಾರೆ. ದಿಲ್ಲಿಯಿಂದ ಹೊರಟು ದೋರಸಮುದ್ರವನ್ನು ಗೆದ್ದು ಮಧುರೆಯವರೆಗೆ ಸೇನೆಯನ್ನು ನಡೆಸಿದವನನ್ನು ಅಶಕ್ತನೆಂದು ಯಾರೂ ಹೇಳಲಾರರು. ನಮಗೆ ಅವನ ನೆನಪು ಸಿಹಿಯಾದುದಲ್ಲ, ನಿಜ. ಆದರೆ ಪೌರುಷವೆಂದು ನಾವು ಕರೆಯುವುದೆಲ್ಲವೂ ಒಂದು ಗ್ರಂಥಿಯ ರಸದಲ್ಲಿ ಅಡಗಿದೆ ಎಂಬ ನಂಬಿಕೆಗೆ ಅವನ ಚರಿತ್ರೆ ಸರಿಹೊಂದುವುದಿಲ್ಲ.

ಆ ರಸ ಯಾವುದೆಂದು ಪಾಶ್ಚಾತ್ಯರು ಹುಡುಕಿದ ಕಥೆಯಲ್ಲಿ ವಿನೋದಕ್ಕೂ ಕೊರತೆಯಿಲ್ಲ. 1849ರಲ್ಲಿ ಗಾಟಿಂಗೆನ್ನಿನ ಬರ್ಥೋಲ್ಡ್ ಆರು ಹುಂಜಗಳನ್ನು ಕಸಿ ಮಾಡಿ, ಕೆಲವಕ್ಕೆ ಬೀಜವನ್ನು ಹೊಟ್ಟೆಯಲ್ಲಿ ಬೇರೆಡೆ ನೆಟ್ಟು ನೋಡಿದನು. ಜುಟ್ಟೂ ಕೂಗೂ ಉಳಿದವು. ರಕ್ತದ ಮೂಲಕ ಏನೋ ಹರಿಯುತ್ತದೆಂದು ಇದರಿಂದ ಗೊತ್ತಾಯಿತು. 1889ರಲ್ಲಿ ಪ್ಯಾರಿಸಿನ ಬ್ರೌನ್-ಸೆಕಾರ್ ಎಂಬ ಹೆಸರಾಂತ ವೈದ್ಯನು ತನ್ನ 72ನೆಯ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಯಿಲಿಗಳ ಬೀಜದ ಸಾರವನ್ನು ತನಗೇ ಚುಚ್ಚಿಕೊಂಡು, ಯೌವನ ಮರಳಿತೆಂದು ವಿದ್ವತ್ಸಭೆಯಲ್ಲಿ ಸಾರಿದನು. ಅದರಲ್ಲಿ ಹಾರ್ಮೋನು ಇದ್ದಿರಲಾರದು, ಇದ್ದದ್ದು ನಂಬಿಕೆಯೇ. 1931ರಲ್ಲಿ ಜರ್ಮನಿಯ ಬುಟೆನಾಂಟ್ ಪೋಲೀಸರ 15,000 ಲೀಟರ್ ಮೂತ್ರವನ್ನು ಶೋಧಿಸಿ 15 ಮಿಲಿಗ್ರಾಂ ವಸ್ತುವನ್ನು ಪಡೆದನು. 1935ರಲ್ಲಿ ಆಮ್‌ಸ್ಟರ್‌ಡಾಮಿನವರು ಹೋರಿಗಳ ಬೀಜದಿಂದ ಟೆಸ್ಟೋಸ್ಟಿರೋನನ್ನೇ ಬೇರ್ಪಡಿಸಿದರು. ಅದೇ ವರ್ಷ ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸಲೂ ಸಾಧ್ಯವಾಯಿತು.

ಅಲ್ಲಿಂದ ಆರೇ ವರ್ಷಕ್ಕೆ ಕಥೆ ತಿರುವಿತು. ವೃಷಣ ತೆಗೆದ ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಕುಗ್ಗುತ್ತದೆಂದು ಹದಿನೆಂಟನೆಯ ಶತಮಾನದಲ್ಲೇ ಲಂಡನ್ನಿನ ಜಾನ್ ಹಂಟರ್ ಕಂಡಿದ್ದನು. ಶಿಕಾಗೋದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ಆ ಗ್ರಂಥಿಯ ಕ್ಯಾನ್ಸರ್ ಹರಡಿದ್ದ ರೋಗಿಗಳಲ್ಲಿ ವೃಷಣವನ್ನು ತೆಗೆದಾಗ, ಎಲುಬಿನ ನೋವಿನಿಂದ ನರಳುತ್ತಿದ್ದ ಅನೇಕರು ಚೇತರಿಸಿಕೊಂಡರು. ಪುರುಷ ಹಾರ್ಮೋನೇ ಈ ಏಡಿಗಂತಿಗೆ ಆಹಾರವೆಂಬುದು ಸ್ಥಿರವಾಯಿತು. 1966ರಲ್ಲಿ ಹಗಿನ್ಸನಿಗೆ ನೊಬೆಲ್ ಪಾರಿತೋಷಕ ಬಂದಿತು.

ಕತ್ತಿಯ ಬದಲು ಸೂಜಿ ಬಂದದ್ದು ಮಿದುಳಿನ ಅಪ್ಪಣೆಗಳನ್ನು ಅರಿತ ಮೇಲೆ. ವೃಷಣಕ್ಕೆ ಆಜ್ಞೆ ಹೋಗುವುದು ಪಿಟ್ಯೂಟರಿ ಗ್ರಂಥಿಯಿಂದ. ಅದಕ್ಕೂ ಮೇಲಣ ಆಜ್ಞೆ ಮಿದುಳಿನ ತಳದಿಂದ. ಆ ಮೇಲಣ ಆಜ್ಞೆಯ ರಚನೆಯನ್ನು 1971ರಲ್ಲಿ ಶ್ಯಾಲಿ, ಗಿಲ್ಮಾಂ ಎಂಬಿಬ್ಬರ ತಂಡಗಳು ಬಿಡಿಸಿದವು. ಪಿಟ್ಯೂಟರಿಯ ಆಜ್ಞೆಗಳನ್ನು ಮಂಗಗಳಲ್ಲಿ ಪರೀಕ್ಷಿಸಿದ ಕೆಲಸ ನಮ್ಮ ಯಶವಂತಪುರದ ಮಗ್ಗುಲಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 371 ಎಕರೆ ದಾನವಾಗಿ ಬಂದ ಭಾರತೀಯ ವಿಜ್ಞಾನ ಮಂದಿರದಲ್ಲಿ, ಎನ್. ಆರ್. ಮೌದ್ಗಲ್ ಅವರಿಂದ ವರ್ಷಾನುಗಟ್ಟಲೆ ನಡೆಯಿತೆಂಬುದನ್ನು ಈ ಭಾಗದ ಜನ ತಿಳಿದಿರಬೇಕು.

ವಿಕಿರಣದೊಡನೆ ಈ ಸೂಜಿಯನ್ನು ಏಕೆ ಸೇರಿಸುತ್ತಾರೆ? ಯೂರೋಪಿನಲ್ಲಿ ಬೋಲಾ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪರೀಕ್ಷೆಯೇ ಉತ್ತರ. ಗ್ರಂಥಿಯ ಸುತ್ತ ಬಲಿತಿದ್ದ ರೋಗಕ್ಕೆ ವಿಕಿರಣ ಮಾತ್ರ ಕೊಟ್ಟಾಗ ಐದು ವರ್ಷಕ್ಕೆ ನೂರಕ್ಕೆ 62 ಜನ ಬದುಕಿದ್ದರು. ಮೂರು ವರ್ಷ ಹಾರ್ಮೋನನ್ನೂ ಅಡಗಿಸಿದಾಗ 79 ಜನ. ಈ ಹದಿನೇಳು ಜೀವಗಳ ಬೆಲೆಯನ್ನು ದೇಹ ಬೇರೆ ಕಡೆ ತೆರುತ್ತದೆ. ಬೋಸ್ಟನ್ನಿನ ಮ್ಯಾಥ್ಯೂ ಸ್ಮಿತ್ 2002ರಲ್ಲಿ ಅಳೆದಂತೆ, 48 ವಾರದಲ್ಲಿ ಮೈಯ ಕೊಬ್ಬು ನೂರಕ್ಕೆ 9.4ರಷ್ಟು ಏರಿತು, ಕೊಬ್ಬಿಲ್ಲದ ತೂಕ 2.7ರಷ್ಟು ಇಳಿಯಿತು. ಎಲುಬೂ ಟೊಳ್ಳಾಗುತ್ತ ಬರುತ್ತದೆ. ಸೂಜಿಯಿಲ್ಲದೆ ವಿಕಿರಣ ಮಾತ್ರ ಪಡೆದವರಲ್ಲಿಯೂ ಕಿರಣಗಳ ಚದುರುವಿಕೆಯಿಂದ ಹಾರ್ಮೋನು ಸ್ವಲ್ಪ ಇಳಿಯಬಹುದು, ಆದರೆ ಅದು ಬಹುಮಟ್ಟಿಗೆ ಅಲ್ಪ. ಸೂಜಿ ನಿಲ್ಲಿಸಿದ ಮೇಲೆ ಹಾರ್ಮೋನು ಮರಳಲು ತಿಂಗಳುಗಳೇ ಹಿಡಿಯುತ್ತವೆ. ವಯಸ್ಸಾದ ಕೆಲವರಲ್ಲಿ ಅದು ಮೊದಲಿನ ಮಟ್ಟಕ್ಕೆ ಬರುವುದೇ ಇಲ್ಲ.

ಹಿಂದೆ ಇಂಥವರಿಗೆ ಸಿಗುತ್ತಿದ್ದ ಬುದ್ಧಿವಾದ ‘ವಿಶ್ರಾಂತಿ ತೆಗೆದುಕೊಳ್ಳಿ’ ಎಂಬುದು. ನಮ್ಮ ಮನೆಗಳಲ್ಲಿ ಈಗಲೂ ಅದೇ. ಸೊಸೆ ನೀರಿನ ಬಿಂದಿಗೆ ಮುಟ್ಟಗೊಡುವುದಿಲ್ಲ, ಮಗ ತರಕಾರಿ ಚೀಲ ಕಸಿದುಕೊಳ್ಳುತ್ತಾನೆ. ಪ್ರೀತಿಯಿಂದ ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕುವ ರೀತಿಯಿದು. ಕೆನಡಾದ ಸೀಗಲ್ 2003ರಲ್ಲಿ ಈ ಸೂಜಿ ಪಡೆಯುತ್ತಿದ್ದ 155 ಜನರನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರಿಂದ ವಾರಕ್ಕೆ ಮೂರು ಸಲದಂತೆ 12 ವಾರ ಭಾರ ಎತ್ತಿಸಿದರು. ಅವರ ದಣಿವು ಕಡಿಮೆಯಾಯಿತು, ತೋಳು ತೊಡೆಗಳ ಬಲ ಹೆಚ್ಚಿತು. 2009ರಲ್ಲಿ ವಿಕಿರಣ ಪಡೆಯುತ್ತಿದ್ದ 121 ಜನರ ಮೇಲೆ 24 ವಾರಗಳ ಪರೀಕ್ಷೆ ನಡೆಯಿತು: ಸೈಕಲು, ನಡಿಗೆಗಳಂಥ ವ್ಯಾಯಾಮವೂ ಭಾರ ಎತ್ತುವ ವ್ಯಾಯಾಮವೂ ಮೊದಮೊದಲು ದಣಿವನ್ನು ತಡೆದವು, ಹೆಚ್ಚು ಕಾಲ ಉಪಕಾರ ಮಾಡಿದ್ದು ಭಾರವೇ. ಹಾರ್ಮೋನು ಅಡಗಿದ್ದಾಗಲೂ ಮಾಂಸಖಂಡ ದುಡಿಮೆಗೆ ಓಗೊಡುತ್ತದೆ.

ಬೆಂಗಳೂರಿಗೆ ಇದು ಅಪರಿಚಿತ ಮಾತಾಗಬಾರದಿತ್ತು. ‘ಶಾಂತಲಾ’, ‘ರೂಪದರ್ಶಿ’ಗಳನ್ನು ಬರೆದ ಕೆ. ವಿ. ಅಯ್ಯರ್ ಅವರು ಇದೇ ಊರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿದವರು. ಈಗ ಬೀದಿಗೊಂದು ಜಿಮ್ ಇದೆ. ಆದರೆ ಅದರ ಕನ್ನಡಿಗಳ ಮುಂದೆ ನಿಲ್ಲಲು ಎಪ್ಪತ್ತರ ಹಿರಿಯರಿಗೆ ನಾಚಿಕೆ. ಮನೆಯಲ್ಲಿ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದೂ, ನೀರು ತುಂಬಿದ ಎರಡು ಸೀಸೆಗಳನ್ನು ಎತ್ತಿ ಇಳಿಸುವುದೂ ಅದರ ಆರಂಭವೇ. ರೋಗ ಎಲುಬಿಗೆ ಹರಡಿದ್ದವರು ಮಾತ್ರ ವೈದ್ಯರನ್ನು ಕೇಳದೆ ಭಾರಕ್ಕೆ ಕೈಹಾಕಬಾರದು.

ಹೋದ ಹಾರ್ಮೋನನ್ನು ಹೊರಗಿನಿಂದ ತುಂಬಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಹಗಿನ್ಸನ ಕಾಲದಿಂದ ಇದು ಬೆಂಕಿಗೆ ತುಪ್ಪ ಸುರಿದಂತೆ ಎಂಬ ಭೀತಿ ನೆಲೆಯೂರಿದೆ. ಆ ಭೀತಿಗೆ ಆಧಾರವಾದದ್ದು ಬೆರಳೆಣಿಕೆಯ ರೋಗಿಗಳೆಂದು ಅಮೆರಿಕದ ಮಾರ್ಗೆಂಟಾಲರ್ ತೋರಿಸಿದ ಮೇಲೆ ವಾದ ಪುನಃ ಎದ್ದಿದೆ. ರೋಗ ಪೂರ್ಣವಾಗಿ ಅಡಗಿ, ಸೂಜಿ ನಿಂತು ಬಹುಕಾಲವಾದ ಆಯ್ದ ಕೆಲವರಿಗೆ, ಪಿ.ಎಸ್.ಎ. ರಕ್ತಪರೀಕ್ಷೆಯ ಮೇಲೆ ಕಣ್ಣಿಟ್ಟು ಕೊಟ್ಟು ನೋಡುವ ವೈದ್ಯರಿದ್ದಾರೆ, ಒಪ್ಪದವರೂ ಇದ್ದಾರೆ. ಜಿಮ್ಮಿನ ಹುಡುಗರು ಕೈಗಿಡುವ ಡಬ್ಬಿಗಳಿಗೂ ಈ ಚರ್ಚೆಗೂ ಸಂಬಂಧವಿಲ್ಲ. ಹಾರ್ಮೋನಿನ ಮಟ್ಟವನ್ನು ಅಳೆಯಿಸುವುದಾದರೆ ಬೆಳಗಿನ ಹೊತ್ತೇ ರಕ್ತ ಕೊಡಬೇಕು. ಸಾಯಂಕಾಲದ ವೇಳೆಗೆ ಆರೋಗ್ಯವಂತರಲ್ಲಿಯೂ ಅದು ತಾನಾಗಿಯೇ ಇಳಿದಿರುತ್ತದೆ.