ಚಿತ್ರವೋ ಅಕ್ಷರವೋ: ಗಣಕಬೋಧನೆಯ ಚರಿತ್ರೆಯಲ್ಲಿ ಒಂದು ವಿವಾದ

ಗಣಕಯಂತ್ರಕ್ಕೆ ಕ್ರಮವಿಧಿಯನ್ನು ಬರೆಯುವ ವಿದ್ಯೆಯನ್ನು ಹೊಸಬನಿಗೆ ಕಲಿಸುವಾಗ ಚಿತ್ರದಿಂದ ತೊಡಗಬೇಕೆ, ಅಕ್ಷರದಿಂದ ತೊಡಗಬೇಕೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಶಿಕ್ಷಣಶಾಸ್ತ್ರಜ್ಞರು ಎತ್ತುತ್ತಾರೆ, ತಾಂತ್ರಿಕರು ಉತ್ತರಿಸುತ್ತಾರೆ. ಚರಿತ್ರೆಯ ಅಭ್ಯಾಸಿಗಳು ಇದರ ಗೊಡವೆಗೆ ಹೋದುದು ಕಡಮೆ. ಆದರೆ ಪ್ರಶ್ನೆ ಇಂದು ನಿನ್ನೆ ಹುಟ್ಟಿದುದಲ್ಲ. ಅದರ ವಯಸ್ಸು ಗಣಕಯಂತ್ರದ ವಯಸ್ಸೇ ಆಗಿದೆ. ಎರಡು ಪಕ್ಷಗಳ ವಾದಗಳೂ ಹುಟ್ಟಿದ ಕಾಲದ ಸೌಕರ್ಯ ಅನನುಕೂಲಗಳಿಗೆ ಎಷ್ಟರಮಟ್ಟಿಗೆ ಕಟ್ಟುಬಿದ್ದಿದ್ದುವು, ಆ ಕಾರಣಗಳು ಮರೆಯಾದ ಮೇಲೆಯೂ ಅಭ್ಯಾಸಗಳು ಹೇಗೆ ಉಳಿದುಬಂದುವು ಎಂಬುದನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯವನ್ನು ಎತ್ತಿಕೊಳ್ಳಲು ದಾವಣಗೆರೆ ಅನುಚಿತವಾದ ಸ್ಥಳವೇನಲ್ಲ. ಹತ್ತಿಗಿರಣಿಗಳಿಂದ ಹೆಸರಾದ ಈ ಊರಿಗೆ ೧೯೫೧ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಬಂದಿತು. ೧೯೭೯ರಲ್ಲಿ ಬಾಪೂಜಿ ಸಂಸ್ಥೆಯ ತಾಂತ್ರಿಕ ವಿದ್ಯಾಲಯ ಸ್ಥಾಪಿತವಾಯಿತು. ಒಂದು ಕಾಲಕ್ಕೆ ಊರಾಚೆಯ ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿಹೋಗಿರುವ ಶಾಮನೂರಿನ ಹೆಸರನ್ನು ಹೊತ್ತ ರಸ್ತೆಯಲ್ಲಿ ಆ ವಿದ್ಯಾಲಯ ಇದೆ. ಇಂಥ ಕಾಲೇಜುಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿ ‘ಸಿ’ ಭಾಷೆಯ ಪ್ರಯೋಗಗಳಿಗಾಗಿ ಇಡುವ ದಾಖಲೆ ಪುಸ್ತಕವನ್ನು, ಎಂದರೆ ಎಲ್ಲರೂ ‘ರೆಕಾರ್ಡ್’ ಎಂದು ಕರೆಯುವ ವಸ್ತುವನ್ನು, ತೆರೆದು ನೋಡಿದರೆ ಈ ಚರಿತ್ರೆಯ ಇಡೀ ಸಂಗ್ರಹ ಅಲ್ಲಿ ಸಿಗುತ್ತದೆ. ಗೆರೆಯಿಲ್ಲದ ಎಡಪುಟದಲ್ಲಿ ಪೆನ್ಸಿಲಿನಿಂದ ಬರೆದ ಫ್ಲೋಚಾರ್ಟು. ಗೆರೆಯುಳ್ಳ ಬಲಪುಟದಲ್ಲಿ ಮಸಿಯಿಂದ ಬರೆದ ಕ್ರಮವಿಧಿ. ಎಡಪುಟದ ಚಿತ್ರವನ್ನು ಬಲಪುಟವನ್ನು ಮುಗಿಸಿದ ತರುವಾಯ ಬರೆಯುವವರೇ ಹೆಚ್ಚು ಎಂಬುದು ಬೋಧಕರಿಗೂ ತಿಳಿದ ಸಂಗತಿ. ಯೋಚನೆಗೆ ನೆರವಾಗಬೇಕೆಂದು ಹುಟ್ಟಿದ ಚಿತ್ರ ಯೋಚನೆ ಮುಗಿದ ಮೇಲಿನ ಅಲಂಕಾರವಾದುದು ಹೇಗೆ?

ಕೆಲಸದ ಕ್ರಮವನ್ನು ಚಿತ್ರವಾಗಿ ಬರೆಯುವ ಪದ್ಧತಿ ಗಣಕಕ್ಕಿಂತ ಹಳೆಯದು. ಫ್ರ್ಯಾಂಕ್ ಗಿಲ್‌ಬ್ರೆತ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು ಕಾರ್ಖಾನೆಯ ಕೆಲಸಗಳ ಸರಣಿಯನ್ನು ತೋರಿಸುವ ನಕ್ಷೆಯನ್ನು ೧೯೨೧ರಲ್ಲಿಯೇ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಮುಂದಿಟ್ಟಿದ್ದರು. ಗಣಕದ ಕ್ಷೇತ್ರಕ್ಕೆ ಅದನ್ನು ತಂದವರು ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್. ೧೯೪೭ರಿಂದ ಅವರು ಪ್ರಕಟಿಸಿದ ವರದಿಗಳಲ್ಲಿ ಯಂತ್ರಕ್ಕೆ ಸಂಕೇತಗಳನ್ನು ಬರೆಯುವುದಕ್ಕೆ ಮೊದಲು ಲೆಕ್ಕದ ಗತಿಯನ್ನು ಪೆಟ್ಟಿಗೆಗಳಿಂದಲೂ ಬಾಣಗಳಿಂದಲೂ ಗುರುತಿಸುವ ವಿಧಾನವನ್ನು ವಿಸ್ತಾರವಾಗಿ ವಿವರಿಸಿದ್ದಾರೆ. ಆ ಕಾಲದ ಯಂತ್ರಸಂಕೇತವನ್ನು ನೋಡಿದವರಿಗೆ ಇದರ ಅಗತ್ಯ ತಾನಾಗಿ ಮನದಟ್ಟಾಗುತ್ತದೆ. ಬರಿಯ ಅಂಕಿಗಳ ಸಾಲಿನಲ್ಲಿ ಎಲ್ಲಿಂದ ಎಲ್ಲಿಗೆ ಹಾರಬೇಕೆಂಬುದು ಕಣ್ಣಿಗೆ ಕಾಣುತ್ತಿರಲಿಲ್ಲ; ಚಿತ್ರ ಅದನ್ನು ಕಾಣಿಸಿತು.

೧೯೫೭ರಲ್ಲಿ ಐ.ಬಿ.ಎಂ. ಸಂಸ್ಥೆಯ ಫೋರ್ಟ್ರಾನ್ ಬಂದ ಮೇಲೆ ಬೀಜಗಣಿತದ ಸೂತ್ರವನ್ನು ಹೆಚ್ಚುಕಡಮೆ ಇದ್ದಂತೆಯೇ ಬರೆಯಲು ಸಾಧ್ಯವಾಯಿತು. ಚಿತ್ರದ ಮೊದಲಿನ ಅಗತ್ಯ ಅಲ್ಲಿಗೆ ಅರ್ಧ ಕಳೆಯಿತೆನ್ನಬೇಕು. ಆದರೂ ಫ್ಲೋಚಾರ್ಟು ಇನ್ನೆರಡು ದಶಕ ಪ್ರಬಲವಾಗಿಯೇ ಉಳಿಯಿತು. ಇದಕ್ಕೆ ಕಾರಣ ಬೇರೆ. ಯಂತ್ರದ ಸಮಯ ಆಗ ಅತ್ಯಂತ ದುಬಾರಿಯಾಗಿದ್ದಿತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೂಲವಿಜ್ಞಾನ ಸಂಸ್ಥೆಯ ‘ಟಿಫ್ರ್ಯಾಕ್’ ಕೆಲಸಕ್ಕೆ ತೊಡಗಿದುದು ೧೯೬೦ರಲ್ಲಿ; ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. ೧೬೨೦ ಯಂತ್ರ ಬಂದುದು ೧೯೬೩ರಲ್ಲಿ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರ ಐ.ಬಿ.ಎಂ. ೩೬೦/೪೪ ಯಂತ್ರದೊಡನೆ ನೆಲೆಗೊಂಡುದು ೧೯೭೦ರ ಸುಮಾರಿಗೆ. ಅಂದಿನ ವಿದ್ಯಾರ್ಥಿ ಯಂತ್ರವನ್ನು ಮುಟ್ಟುತ್ತಿರಲಿಲ್ಲ. ಕ್ರಮವಿಧಿಯನ್ನು ಕೋಡಿಂಗ್ ಹಾಳೆಯಲ್ಲಿ ಬರೆದು, ಕಾರ್ಡುಗಳಲ್ಲಿ ತೂತು ಮಾಡಿಸಿ, ಕಟ್ಟನ್ನು ಕಿಟಕಿಯಲ್ಲಿ ಒಪ್ಪಿಸಿ, ಫಲಿತಾಂಶಕ್ಕಾಗಿ ಕಾಯಬೇಕಾಗಿದ್ದಿತು. ಒಂದು ಅಲ್ಪವಿರಾಮ ತಪ್ಪಿದರೆ ಮರುದಿನದವರೆಗಿನ ಕಾಯುವಿಕೆ ವ್ಯರ್ಥ. ಹೀಗಿರುವಲ್ಲಿ, ಯಂತ್ರದ ಬಳಿಗೆ ಹೋಗುವ ಮುನ್ನ ಕಾಗದದ ಮೇಲೆ ಲೆಕ್ಕವನ್ನು ನಡೆಸಿ ನೋಡುವುದೇ ಜಾಣತನವಾಗಿದ್ದಿತು. ಹಾಗೆ ನಡೆಸಿ ನೋಡಲು ಫ್ಲೋಚಾರ್ಟಿನಷ್ಟು ಅನುಕೂಲವಾದ ಸಾಧನ ಬೇರೊಂದಿರಲಿಲ್ಲ. ಯಂತ್ರದ ದುರ್ಭಿಕ್ಷ ಈ ಚಿತ್ರಪದ್ಧತಿಯನ್ನು ಪೋಷಿಸಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಆಕ್ಷೇಪಗಳೂ ಅದೇ ಕಾಲದಲ್ಲಿ ಹುಟ್ಟಿಕೊಂಡುವು. ಫ್ರೆಡ್ ಬ್ರೂಕ್ಸ್ ೧೯೭೫ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ವಿವರವಾದ ಫ್ಲೋಚಾರ್ಟಿಗೆ ಸಲ್ಲುತ್ತಿದ್ದ ಗೌರವ ಅತಿಯಾದುದೆಂದು ನಿಷ್ಠುರವಾಗಿ ಬರೆದರು. ಅಭಿಪ್ರಾಯವನ್ನು ಪರೀಕ್ಷೆಗೆ ಒಡ್ಡಿದ ಶ್ರೇಯಸ್ಸು ಮಾತ್ರ ಬೆನ್ ಶ್ನೈಡರ್‌ಮನ್ ಮತ್ತು ಅವರ ಸಂಗಡಿಗರದು. ೧೯೭೭ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಕ್ರಮವಿಧಿಯನ್ನು ರಚಿಸುವುದು, ಅರ್ಥಮಾಡಿಕೊಳ್ಳುವುದು, ತಪ್ಪು ಹುಡುಕುವುದು, ಮಾರ್ಪಡಿಸುವುದು ಇವುಗಳಲ್ಲಿ ಫ್ಲೋಚಾರ್ಟಿನಿಂದ ಗಣನೀಯ ಪ್ರಯೋಜನ ಕಂಡುಬರಲಿಲ್ಲ. ಪಠ್ಯದಲ್ಲಿ ಇದ್ದುದನ್ನೇ ಚಿತ್ರ ಇನ್ನೊಮ್ಮೆ ಹೇಳುತ್ತಿದ್ದಿತು, ಅಷ್ಟೆ. ಪ್ರಯೋಗಗಳು ಪ್ರಕಟವಾಗಿ ಅರ್ಧ ಶತಮಾನ ಸಮೀಪಿಸುತ್ತಿದ್ದರೂ ನಮ್ಮ ದಾಖಲೆ ಪುಸ್ತಕದ ಎಡಪುಟ ಅಲುಗಿಲ್ಲ. ಪರೀಕ್ಷೆಯ ಅಂಕಗಳೊಡನೆ ಒಮ್ಮೆ ಹೆಣೆದುಕೊಂಡ ಪದ್ಧತಿಯ ಆಯುಷ್ಯ ಬಹು ದೀರ್ಘ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಬಹುಕಾಲ ನಡೆದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೆ ಪ್ರಖ್ಯಾತವಾಗಿದ್ದಿತು. ಲೇತಿನ ಮುಂದೆ ನಿಂತ ಯಾವ ಕೆಲಸಗಾರನಿಗೂ ವಸ್ತುವಿನ ಆಕಾರವನ್ನೂ ಅಳತೆಯನ್ನೂ ತಿಳಿಸುವುದು ನಕ್ಷೆ. ಮೊದಲು ಯಾವ ಮೈಯನ್ನು ಕಡೆಯಬೇಕು, ಆಮೇಲೆ ಯಾವುದನ್ನು ಎಂಬ ಅನುಕ್ರಮವನ್ನು ಮಾತಿನಲ್ಲಿಯೋ ಬರಹದಲ್ಲಿಯೋ ಹೇಳಬೇಕು. ಆಕಾರಕ್ಕೆ ಚಿತ್ರ, ಅನುಕ್ರಮಕ್ಕೆ ಅಕ್ಷರ ಎಂಬ ಈ ಹಳೆಯ ಹಂಚಿಕೆಯನ್ನು ಮೀರಿ ಅನುಕ್ರಮವನ್ನೇ ಚಿತ್ರಿಸಲು ಹೊರಟುದು ಫ್ಲೋಚಾರ್ಟಿನ ಸಾಹಸ. ಕ್ರಮವಿಧಿ ಹತ್ತು ಹದಿನೈದು ಹೆಜ್ಜೆಗಳದಾದರೆ ಚಿತ್ರ ಒಂದು ಪುಟದಲ್ಲಿ ಅಡಗುತ್ತದೆ. ನೂರು ಹೆಜ್ಜೆಗಳದಾದರೆ ಬಾಣಗಳು ಒಂದನ್ನೊಂದು ದಾಟಿ ಜೇಡನ ಬಲೆಯಾಗುತ್ತದೆ.

ಅಕ್ಷರಪಕ್ಷಕ್ಕೆ ಬಲ ಬಂದುದು ಯಂತ್ರದ ಎದುರು ಕುಳಿತುಕೊಳ್ಳುವ ಭಾಗ್ಯ ವಿದ್ಯಾರ್ಥಿಗೆ ಒದಗಿದಾಗ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ೧೯೬೪ರಲ್ಲಿ ಬೇಸಿಕ್ ಭಾಷೆಯನ್ನು ಬಳಕೆಗೆ ತಂದರು. ಒಂದು ಸಾಲು ಬರೆದೊಡನೆ ಯಂತ್ರದ ಉತ್ತರ ಬರುವಲ್ಲಿ ಕಾಗದದ ಮೇಲಿನ ತಾಲೀಮು ಅನವಶ್ಯಕವಾಯಿತು. ಭಾರತ ಸರ್ಕಾರ ೧೯೮೪ರಲ್ಲಿ ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ಆಯ್ದ ಪ್ರೌಢಶಾಲೆಗಳಿಗೆ ಬಂದ ಬಿ.ಬಿ.ಸಿ. ಮೈಕ್ರೋ ಯಂತ್ರಗಳೂ ಬೇಸಿಕ್ ಭಾಷೆಯವೇ.

ಇವೆರಡರ ನಡುವೆ ನಿಂತುದು ಲೋಗೋ. ವಾಲಿ ಫ್ಯೂರ್‌ಜೈಗ್, ಸಿಂಥಿಯಾ ಸಾಲೊಮನ್, ಸೀಮೂರ್ ಪೇಪರ್ಟ್ ಮೊದಲಾದವರು ೧೯೬೭ರಲ್ಲಿ ಮಕ್ಕಳಿಗಾಗಿ ರೂಪಿಸಿದ ಈ ಭಾಷೆಯ ಹೆಸರು ‘ಮಾತು’ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದಿದೆ. ಮೊದಲಿಗೆ ಅದು ಪದಗಳನ್ನೂ ವಾಕ್ಯಗಳನ್ನೂ ಕಟ್ಟುವ ಆಟವಾಗಿದ್ದಿತು. ಪರದೆಯ ಮೇಲೆ ಗೆರೆ ಎಳೆಯುತ್ತ ಸಾಗುವ ‘ಆಮೆ’ ತರುವಾಯ ಸೇರಿಕೊಂಡಿತು. ಮಾತಿಗಾಗಿ ಹುಟ್ಟಿದ ಭಾಷೆ ಲೋಕದಲ್ಲಿ ಚಿತ್ರಕ್ಕಾಗಿ ಹೆಸರಾಯಿತು. ಇಲ್ಲಿ ವಿದ್ಯಾರ್ಥಿ ಬರೆಯುವುದು ಅಕ್ಷರ, ಪಡೆಯುವುದು ಚಿತ್ರ. ತಪ್ಪು ಎಲ್ಲಿದೆಯೆಂಬುದನ್ನು ವಕ್ರವಾಗಿ ತಿರುಗಿದ ಗೆರೆಯೇ ತೋರಿಸುತ್ತದೆ. ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ಇಷ್ಟು ಚುಕ್ಕಿ, ಇಷ್ಟು ಸಾಲು, ಎದುರುಚುಕ್ಕಿಯೋ ಸಂದುಚುಕ್ಕಿಯೋ ಎಂದು ಹೇಳಿದರೆ ಸಾಕು, ಅಂಗಳದಲ್ಲಿ ರಂಗೋಲಿ ಮೂಡುತ್ತದೆ. ಮದರಾಸಿನಲ್ಲಿ ಗಿಫ್ಟ್ ಸಿರೊಮನಿ ಮತ್ತು ಅವರ ಸಹೋದ್ಯೋಗಿಗಳು ತಮಿಳುನಾಡಿನ ಕೋಲಗಳಿಗೆ ವ್ಯಾಕರಣವನ್ನು ರಚಿಸಿ ೧೯೭೪ರಲ್ಲಿಯೇ ಗಣಕಶಾಸ್ತ್ರದ ವಿದ್ವಾಂಸರ ಮುಂದಿಟ್ಟುದು ಇಲ್ಲಿ ಸ್ಮರಣೀಯ.

ಚಿತ್ರಪಕ್ಷ ಎರಡನೆಯ ಬಾರಿ ತಲೆಯೆತ್ತಿದುದು ೨೦೦೭ರಲ್ಲಿ, ಎಂ.ಐ.ಟಿ.ಯ ಮಿಚೆಲ್ ರೆಸ್ನಿಕ್ ಮತ್ತು ಅವರ ತಂಡದವರು ‘ಸ್ಕ್ರ್ಯಾಚ್’ ಅನ್ನು ಹೊರತಂದಾಗ. ಇದನ್ನು ಫ್ಲೋಚಾರ್ಟಿನ ಮೊಮ್ಮಗನೆಂದು ಬಗೆಯುವುದು ಸರಿಯಲ್ಲ. ಫ್ಲೋಚಾರ್ಟು ಕ್ರಮವಿಧಿಯ ಚಿತ್ರವಾಗಿದ್ದಿತು. ಅದನ್ನು ನೋಡಿ ಮನುಷ್ಯ ಇನ್ನೊಮ್ಮೆ ಬರೆಯಬೇಕಾಗಿದ್ದಿತು. ಸ್ಕ್ರ್ಯಾಚಿನಲ್ಲಾದರೋ ಬಣ್ಣಬಣ್ಣದ ತುಂಡುಗಳ ಜೋಡಣೆಯೇ ಕ್ರಮವಿಧಿ. ಹೊಂದದ ತುಂಡು ಹೊಂದದ ಸ್ಥಳದಲ್ಲಿ ಕೂರುವುದೇ ಇಲ್ಲವಾದುದರಿಂದ ವ್ಯಾಕರಣದೋಷಕ್ಕೆ ಆಸ್ಪದವಿಲ್ಲ. ಯಂತ್ರದ ದುರ್ಭಿಕ್ಷದಲ್ಲಿ ಹುಟ್ಟಿದುದು ಮೊದಲಿನ ಚಿತ್ರ. ಯಂತ್ರದ ಸುಭಿಕ್ಷದಲ್ಲಿ ಹುಟ್ಟಿದುದು ಎರಡನೆಯದು.

ಇವುಗಳಲ್ಲಿ ಯಾವುದು ಮೇಲು? ದೊರೆಯುವ ಸಾಕ್ಷ್ಯ ಒಂದೇ ಕಡೆಗೆ ವಾಲುವುದಿಲ್ಲ. ಗ್ರೀನ್ ಮತ್ತು ಪೀಟ್ರಿ ೧೯೯೨ರಲ್ಲಿ ವರದಿ ಮಾಡಿದಂತೆ, ಚಿತ್ರರೂಪದ ಕ್ರಮವಿಧಿಯನ್ನು ಓದಿ ಅರ್ಥಮಾಡಿಕೊಳ್ಳಲು ಅಕ್ಷರರೂಪದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಅವರು ಪರೀಕ್ಷಿಸಿದುದು ಪಳಗಿದವರನ್ನು ಎಂಬುದನ್ನು ಮರೆಯಬಾರದು. ವೈನ್‌ಟ್ರಾಪ್ ಮತ್ತು ವಿಲೆನ್ಸ್ಕಿ ಅಮೆರಿಕದ ಪ್ರೌಢಶಾಲೆಯೊಂದರಲ್ಲಿ ನಡೆಸಿ ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ವಾರಗಳ ಕೊನೆಗೆ ತುಂಡುಗಳಿಂದ ಕಲಿತವರು ಮುಂದಿದ್ದರು; ಮುಂದೆ ಕಲಿಯುವ ಆಸಕ್ತಿಯೂ ಅವರಲ್ಲಿ ಹೆಚ್ಚಾಗಿದ್ದಿತು. ಆದರೆ ಎರಡು ಗುಂಪಿನವರೂ ಜಾವಾ ಭಾಷೆಗೆ ಹೋಗಿ ಹತ್ತು ವಾರ ಕಳೆಯುವಷ್ಟರಲ್ಲಿ ಅಂತರ ಕಾಣದಾಯಿತೆಂದು ಅವರೇ ೨೦೧೯ರಲ್ಲಿ ಬರೆದಿದ್ದಾರೆ. ಮೊದಲ ಮೆಟ್ಟಿಲು ಯಾವುದಾದರೂ ಮೇಲಿನ ಅಂತಸ್ತು ಒಂದೇ ಎಂದು ಇದನ್ನು ಅರ್ಥೈಸಬಹುದು. ಆದರೆ ಮೊದಲ ಮೆಟ್ಟಿಲಿನಲ್ಲಿಯೇ ಜಾರಿ ಹಿಂತಿರುಗಿ ಹೋದವರ ಲೆಕ್ಕ ಮೇಲಿನ ಅಂತಸ್ತಿನಲ್ಲಿ ಸಿಗುವುದಿಲ್ಲ.

ಕನ್ನಡನಾಡಿನ ಮಟ್ಟಿಗೆ ವಿಷಯದ ಮರ್ಮ ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಮೇಲಿನ ಪ್ರಯೋಗಗಳೆಲ್ಲ ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗಳ ಮೇಲೆ ನಡೆದುವು. ಅವರಿಗೆ ಅಕ್ಷರವೆಂದರೆ ತಮ್ಮದೇ ಅಕ್ಷರ. ಜಗಳೂರು, ಹೊನ್ನಾಳಿಗಳ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬರುವ ಹುಡುಗ ಹುಡುಗಿಯರಿಗೆ ‘ಅಕ್ಷರದ ಮಾರ್ಗ’ ಎಂದರೆ ಎರಡು ಕಷ್ಟಗಳನ್ನು ಒಮ್ಮೆಗೇ ಹೊತ್ತುಕೊಂಡಂತೆ. ೧೯೮೯ರ ಪ್ರಮಾಣೀಕೃತ ‘ಸಿ’ ಭಾಷೆಯ ಮೀಸಲು ಪದಗಳು ಕೇವಲ ೩೨. ಅವನ್ನು ಬಾಯಿಪಾಠ ಮಾಡುವುದು ದೊಡ್ಡ ಮಾತಲ್ಲ. ತಪ್ಪಾದಾಗ ಯಂತ್ರ ಆಡುವ ಮಾತು, ಪುಸ್ತಕದ ವಿವರಣೆ, ಪ್ರಶ್ನೆಯ ಒಕ್ಕಣೆ, ಇವೆಲ್ಲ ಇಂಗ್ಲಿಷಿನಲ್ಲಿ ಇರುವುದೇ ತೊಡಕು. ತರ್ಕದಲ್ಲಿ ಎಡವಿದನೋ ಭಾಷೆಯಲ್ಲಿ ಎಡವಿದನೋ ಎಂಬುದನ್ನು ಅಂತಹ ವಿದ್ಯಾರ್ಥಿಯ ಉತ್ತರಪತ್ರಿಕೆಯಿಂದ ಬೇರ್ಪಡಿಸುವುದು ಸುಲಭವಲ್ಲ. ಅವನಿಗೆ ಲೆಕ್ಕ ಬಾರದೆಂದು ಬರೆದುಬಿಡುವುದು ಸುಲಭ.

ಈ ತೊಡಕನ್ನು ನೇರವಾಗಿ ಎದುರಿಸಿದ ಪ್ರಯತ್ನ ನಮ್ಮಲ್ಲಿ ನಡೆಯದೆ ಇಲ್ಲ. ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದು ಗಣಕದಲ್ಲಿ ಕನ್ನಡದ ಬಳಕೆಗಾಗಿ ದುಡಿದ ಡಾ. ಯು. ಬಿ. ಪವನಜ ಅವರು ಈ ಶತಮಾನದ ಆರಂಭದ ವರ್ಷಗಳಲ್ಲಿ ಲೋಗೋವಿನ ಕನ್ನಡ ಆವೃತ್ತಿಯನ್ನು ಸಿದ್ಧಪಡಿಸಿದರು. ಅದರಲ್ಲಿ ಆಮೆಗೆ ಆಜ್ಞೆಯನ್ನು ಕನ್ನಡದಲ್ಲಿಯೇ ಕೊಡಬಹುದು. ಚಿತ್ರವೋ ಅಕ್ಷರವೋ ಎಂಬ ವಿವಾದಕ್ಕೆ ‘ಅಕ್ಷರವೇ ಆಗಲಿ, ಆದರೆ ಯಾರ ಅಕ್ಷರ?’ ಎಂಬ ಮರುಪ್ರಶ್ನೆಯನ್ನು ಇದು ಒಡ್ಡಿತು. ಇದಕ್ಕೆ ದೊರೆಯಬೇಕಾಗಿದ್ದ ಗಮನ ನಮ್ಮ ಶಾಲೆಗಳಲ್ಲಿ ದೊರೆಯಲಿಲ್ಲವೆಂದೇ ಹೇಳಬೇಕಾಗುತ್ತದೆ. ಮುಂದೆ ಉದ್ಯೋಗಕ್ಕೆ ಇಂಗ್ಲಿಷ್ ಭಾಷೆಗಳೇ ಬೇಕೆಂಬ ವಾದ ಪೋಷಕರಲ್ಲಿಯೂ ಬೋಧಕರಲ್ಲಿಯೂ ಬಲವಾಗಿದ್ದಿತು. ಆ ವಾದವನ್ನು ಸುಳ್ಳೆನ್ನುವಂತೆಯೂ ಇಲ್ಲ. ತುಂಡುಜೋಡಣೆಯ ಪದ್ಧತಿಗೆ ಈ ವಿಷಯದಲ್ಲಿ ಒಂದು ಸೌಲಭ್ಯ ಉಂಟು. ತುಂಡಿನ ಮೇಲೆ ಬರೆದ ಪದ ಕೇವಲ ಹಣೆಪಟ್ಟಿ. ಯಂತ್ರ ಅದನ್ನು ಓದುವುದಿಲ್ಲ. ಹಣೆಪಟ್ಟಿಯನ್ನು ಯಾವ ಭಾಷೆಗೆ ಬದಲಿಸಿದರೂ ಕ್ರಮವಿಧಿ ಕೆಡುವುದಿಲ್ಲ. ಚಿತ್ರಮಾರ್ಗದ ನಿಜವಾದ ಗುಣ ಇರುವುದು ಅದರ ಬಣ್ಣದಲ್ಲಲ್ಲ, ಈ ನಿರ್ಲಿಪ್ತತೆಯಲ್ಲಿ ಎಂದು ನನ್ನ ಅಭಿಪ್ರಾಯ.

ಗಡಿಯಾಚೆಯ ಕಾಸರಗೋಡಿನ ಕಡೆಗೂ ಒಮ್ಮೆ ನೋಡಬೇಕು. ಕೇರಳ ಸರ್ಕಾರ ಈ ಶತಮಾನದ ಆರಂಭದಲ್ಲಿ ಕೈಕೊಂಡು, ೨೦೧೭ರಿಂದ ‘ಕೈಟ್’ ಎಂಬ ಸಂಸ್ಥೆಯ ಮೂಲಕ ನಡೆಸುತ್ತಿರುವ ಶಾಲಾ ಗಣಕಶಿಕ್ಷಣದಲ್ಲಿ ಸ್ಕ್ರ್ಯಾಚ್ ಮತ್ತು ಪೈಥಾನ್ ಎರಡಕ್ಕೂ ಸ್ಥಾನವಿದೆ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಪಠ್ಯಪುಸ್ತಕ ಕನ್ನಡದಲ್ಲಿದೆ. ಒಂದನ್ನು ಆರಿಸಿ ಇನ್ನೊಂದನ್ನು ತಳ್ಳುವ ಹಟ ಅಲ್ಲಿಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿ ಮಾಧ್ಯಮಿಕ ಹಂತದಿಂದಲೇ ಕೋಡಿಂಗ್ ಇರಬೇಕೆಂದಿತೇ ಹೊರತು ಮಾರ್ಗವನ್ನು ಗೊತ್ತುಮಾಡಲಿಲ್ಲ.

ಈ ಚರಿತ್ರೆಯನ್ನು ವಿಸ್ತಾರವಾಗಿ ಬರೆಯಲು ಹೊರಟವರಿಗೆ ದೊಡ್ಡ ಅಡ್ಡಿ ಆಧಾರಗಳದು. ಪಾಠಕ್ರಮಗಳೂ ಪ್ರಶ್ನಪತ್ರಿಕೆಗಳೂ ಹೇಗೋ ಉಳಿದಾವು. ವಿದ್ಯಾರ್ಥಿ ನಿಜವಾಗಿ ಹೇಗೆ ಕಲಿತನೆಂಬುದನ್ನು ತಿಳಿಸುವ ದಾಖಲೆ ಪುಸ್ತಕಗಳು ಪರೀಕ್ಷೆ ಮುಗಿದ ವಾರದಲ್ಲಿಯೇ ರದ್ದಿಯವನ ತಕ್ಕಡಿಗೆ ಹೋಗುತ್ತವೆ. ಅಳಿಸಿ ಮರಳಿ ಬರೆದ ಚೌಕಗಳು, ಇಂಗ್ಲಿಷ್ ಸಾಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡ ಕನ್ನಡದ ಅರ್ಥಗಳು, ಬೋಧಕರ ಕೆಂಪು ಗುರುತುಗಳು ಇಂಥವೆಲ್ಲ ಬೇರೆ ಯಾವ ಆಕರದಲ್ಲಿಯೂ ದೊರೆಯುವಂಥವಲ್ಲ. ೧೯೮೦ ಮತ್ತು ೧೯೯೦ರ ದಶಕಗಳಲ್ಲಿ ದಾವಣಗೆರೆ, ಹರಿಹರಗಳ ಕಾಲೇಜುಗಳಲ್ಲಿ ಗಣಕವನ್ನು ಕಲಿತ ಅಥವಾ ಕಲಿಸಿದ ವಾಚಕರಲ್ಲಿ ಇಂತಹ ಪುಸ್ತಕಗಳು, ಕೋಡಿಂಗ್ ಹಾಳೆಗಳು, ಫ್ಲೋಚಾರ್ಟು ಬರೆಯುವ ಪ್ಲಾಸ್ಟಿಕ್ ಅಚ್ಚುಗಳು ಇದ್ದ ಪಕ್ಷದಲ್ಲಿ, ಅವನ್ನು ವಿಭಾಗದ ಗ್ರಂಥಭಂಡಾರಕ್ಕೆ ಒಪ್ಪಿಸಬೇಕೆಂದು, ಕೊಡಲು ಮನಸ್ಸಾಗದಿದ್ದರೆ ಪ್ರತಿ ತೆಗೆದುಕೊಳ್ಳಲಾದರೂ ಅವಕಾಶ ಮಾಡಿಕೊಡಬೇಕೆಂದು ವಿನಂತಿ.