ಭಗ್ನಶಿಲೆಯೂ ಬಾಣವಿದ್ಧ ದೇಹವೂ

ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ, ಇಟಲಿಯ ಆಂಡ್ರಿಯಾ ಮಾಂತೆನ್ಯನು ಸುಮಾರು 1480ರಲ್ಲಿ ಬರೆದ ಸಂತ ಸೆಬಾಸ್ಟಿಯನ್ನನ ಚಿತ್ರವಿದೆ. ಪಾಳುಬಿದ್ದ ಕಮಾನಿನ ಸ್ತಂಭಕ್ಕೆ ಬಿಗಿಯಲ್ಪಟ್ಟು, ಮೈಗೆ ಬಾಣಗಳು ನಾಟಿ, ಕಣ್ಣನ್ನು ಆಕಾಶಕ್ಕೆತ್ತಿ ನಿಂತಿರುವ ಆ ತರುಣನನ್ನು ಕಂಡವರು ಆತನು ಬಾಣಗಳಿಂದಲೇ ಮಡಿದನೆಂದು ಭಾವಿಸುವುದು ಸಹಜ. ಆದರೆ ಐತಿಹ್ಯ ಹೇಳುವುದೇ ಬೇರೆ. ಡಯೋಕ್ಲೀಷಿಯನ್ ಚಕ್ರವರ್ತಿಯ ಅಂಗರಕ್ಷಕದಳದ ಅಧಿಕಾರಿಯಾಗಿದ್ದುಕೊಂಡೇ ಗುಟ್ಟಾಗಿ ಕ್ರೈಸ್ತಮತವನ್ನವಲಂಬಿಸಿದ್ದ ಆತನನ್ನು ಬಿಲ್ಲಾಳುಗಳು ಸತ್ತನೆಂದೇ ಬಗೆದು ಬಿಟ್ಟುಹೋದ ಮೇಲೆ, ಐರೀನಳೆಂಬ ವಿಧವೆ ಶುಶ್ರೂಷೆ ಮಾಡಿ ಬದುಕಿಸಿದಳೆಂದೂ, ಗುಣಹೊಂದಿದವನು ಮರಳಿ ಚಕ್ರವರ್ತಿಯ ಎದುರಿಗೇ ಹೋಗಿ ಆತನ ಕ್ರೌರ್ಯವನ್ನು ಖಂಡಿಸಿ, ಕಡೆಗೆ ದೊಣ್ಣೆಯೇಟಿಗೆ ಪ್ರಾಣಬಿಟ್ಟನೆಂದೂ ಅದರ ಒಕ್ಕಣೆ.

ಚಿತ್ರಕಾರರು ದೊಣ್ಣೆಯನ್ನು ಮರೆತು ಬಾಣವನ್ನೇ ಹಿಡಿದುಕೊಂಡುದಕ್ಕೆ ಕಾರಣ ಮಹಾಮಾರಿ. ವ್ಯಾಧಿಯನ್ನು ದೈವವು ಎಸೆದ ಬಾಣವೆಂದು ಬಗೆಯುವುದು ಬಹು ಪುರಾತನವಾದ ಕಲ್ಪನೆ. ಹೋಮರನ ಕಾವ್ಯಾರಂಭದಲ್ಲಿಯೇ ಅಪೊಲೋ ದೇವನ ಶರಗಳು ಗ್ರೀಕರ ಪಾಳೆಯದಲ್ಲಿ ಪಿಡುಗನ್ನು ಬಿತ್ತುವುವು. 1348ರ ಪ್ಲೇಗಿನ ತರುವಾಯ ಮತ್ತೆ ಮತ್ತೆ ಅದಕ್ಕೇ ತುತ್ತಾದ ಇಟಲಿಯ ನಗರಗಳು, ಬಾಣ ತಾಕಿಯೂ ಬದುಕಿದವನನ್ನು ಮರೆಹೊಕ್ಕುದರಲ್ಲಿ ಆಶ್ಚರ್ಯವಿಲ್ಲ. ರೋಮಿನ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನ 7ನೆಯ ಶತಮಾನದ ಮೊಸಾಯಿಕ್ ಚಿತ್ರದಲ್ಲಿ ಗಡ್ಡಧಾರಿಯಾದ ಹಿರಿಯನಾಗಿದ್ದ ಸಂತನು ಯುರೋಪಿನ ನವೋದಯದ ಚಿತ್ರಕಾರರ ಕೈಯಲ್ಲಿ ನಗ್ನಪ್ರಾಯನಾದ ಸುಂದರ ಯುವಕನಾದನು. ಬಾಣ ಬಿಟ್ಟ ಅಪೊಲೋವಿನ ರೂಪವೇ ಬಾಣ ತಿಂದವನಿಗೆ ಸಂದಿತೆನ್ನಬೇಕು.

ಮಾಂತೆನ್ಯನು ಸಂತನ ಕಾಲ ಬಳಿ ಒಡೆದ ಶಿಲಾಪ್ರತಿಮೆಯೊಂದರ ಪಾದವನ್ನಿಟ್ಟಿರುವನು. ವಿಗ್ರಹಾರಾಧನೆಯ ಪತನ, ಕ್ರೈಸ್ತಧರ್ಮದ ವಿಜಯ ಎಂದು ಇದನ್ನು ವ್ಯಾಖ್ಯಾನಿಸುವುದುಂಟು. ನನಗೆ ಅಷ್ಟರಿಂದ ತೃಪ್ತಿಯಿಲ್ಲ. ಪ್ರಾಚೀನ ಶಾಸನಗಳನ್ನರಸುತ್ತ 1464ರಲ್ಲಿ ಮಿತ್ರರೊಡನೆ ಗಾರ್ಡಾ ಸರೋವರದ ತೀರವನ್ನಲೆದವನು ಆತ. ಆತನ ಮನುಷ್ಯರೆಲ್ಲ ಹಳೆಯ ಅಮೃತಶಿಲೆಯ ಪ್ರತಿಮೆಗಳಂತಿರುವರೆಂದು ಗುರು ಸ್ಕ್ವಾರ್ಚೋನೆ ಹಳಿದನೆಂದು ಕಲಾವಿದರ ಚರಿತ್ರಕಾರನಾದ ವಸಾರಿ ಬರೆದಿರುವನು. ಶಿಷ್ಯನು ಗುರುವಿನ ಪ್ರತಿಸ್ಪರ್ಧಿಯಾದ ಬೆಲ್ಲೀನಿಯ ಮಗಳನ್ನು ಮದುವೆಯಾದನೆಂಬ ಮುನಿಸು ಆ ಮಾತಿನಲ್ಲಿದ್ದಿತಂತೆ. ಇದ್ದರೂ ಮಾತೇನೂ ಸುಳ್ಳಲ್ಲ. ಸ್ತಂಭದ ತಲೆಯ ಎಲೆಗೆತ್ತನೆಯನ್ನು ಅಷ್ಟು ಅಕ್ಕರೆಯಿಂದ ತಿದ್ದಿದ ಕೈ ಅದರ ನಾಶಕ್ಕೆ ಹಿಗ್ಗಿತೆಂದು ನಂಬುವುದು ಹೇಗೆ? ಸಂತನ ಮೈಯೂ ಅದೇ ಶಿಲೆಯ ಕಾಠಿನ್ಯವನ್ನು ತಾಳಿದೆ. ಒಡೆದ ಪಾದವೂ ಪಕ್ಕದ ಜೀವಂತ ಪಾದವೂ ಒಂದೇ ಕುಲದವು. ಆ ಕುಲಕ್ಕೆ ಸೇರದವರು ಬಲಗಡೆಯ ಕೆಳಮೂಲೆಯಲ್ಲಿ ಎದೆಯಿಂದ ಮೇಲಕ್ಕೆ ಮಾತ್ರ ಕಾಣುವ ಇಬ್ಬರು ಬಿಲ್ಲಾಳುಗಳು: ಒರಟುಮುಖದ, ಚಿತ್ರಕಾರನ ಕಾಲದ ಯಾವ ಬೀದಿಯಲ್ಲಾದರೂ ಎದುರಾಗಬಹುದಾಗಿದ್ದ, ರಕ್ತಮಾಂಸದ ಜನ.